ಬಾಗಿಲಾಚೆ ಕೂತಿದ್ದ ಅತ್ತೆಗೆ

ಅತ್ತೆ,

ಇವತ್ತು ಭಾನುವಾರ. ನಿಮ್ಮ ಮಗ ಯಾವುದೋ ಪರೀಕ್ಷೆ ಡ್ಯೂಟಿ ಅಂತ ಮೈಸೂರಿಗೆ ಹೋಗಿದ್ದಾರೆ, ಮಾವ ಹೊಲದ ಕಡೆ ಹೋದರು. ಬೆಳಗಿನ ಬಿಸಿಲು ಅಡುಗೆಮನೆ ತನಕ ಬಂದಿದೆ, ನಾನೊಬ್ಬಳೇ ಕೂತಿದ್ದೇನೆ. ನಿಮಗೆ ಅಕ್ಷರ ಬರುತ್ತಿರಲಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಯಾರಾದರೂ ಓದಿ ಹೇಳಿಯಾರು ಬಿಡಿ. ಅಲ್ಲಿ ಓದಿ ಹೇಳುವವರಿಗೇನು ಬರವೇ?

ಮದುವೆಯಾಗಿ ಉಡಿಗಾಲದಿಂದ ಗುಂಡ್ಲುಪೇಟೆಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನೀವು ಅವರೆಕಾಯಿ ಸುಲಿಯುತ್ತ ನನ್ನ ಓದಿನ ವಿಚಾರ ತೆಗೆದಿರಿ. ಎಂ.ಎ. ಮುಗಿಸಿದ್ದೆ, ಎಂ.ಫಿಲ್. ಮುಗಿಸಿದ್ದೆ, ಬೆಂಗಳೂರಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿತ್ತು.

"ಡಾಕ್ಟ್ರಾಯ್ತೀಯ ಅನ್ನು."

"ಹೂಂ ಅತ್ತೆ, ಮನಸ್ಸಿನ ಡಾಕ್ಟ್ರು."

"ಸೂಜಿ ಆಕೀಯ?"

"ಇಲ್ಲ."

"ಮಾತ್ರೆ?"

"ಅದನ್ನ ಬೇರೆ ಡಾಕ್ಟ್ರು ಕೊಡ್ತಾರೆ. ನಾನು ಕೂತು ಮಾತಾಡಿಸ್ತೀನಿ."

ನೀವು ಕಾಯಿ ಸುಲಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಿರಿ. "ಮಾತಾಡ್ಸದ್ಕೆ ಇಷ್ಟ್ ವರ್ಸ ಓದ್ಬೇಕಾ ಮಣಿ? ಅಂಗಾದ್ರೆ ನಮ್ ಬೀದಿ ಎಂಗುಸ್ರೆಲ್ಲ ಯಾವತ್ತೋ ಡಾಕ್ಟ್ರಾಗ್ಬುಟ್ಟವ್ರೆ." ಜಗಲಿ ಮೇಲೆ ಕೂತಿದ್ದ ಮಾವನೂ ನಕ್ಕರು. ನನಗೆ ಸಿಟ್ಟು ಬರಲಿಲ್ಲ. "ಮುಗಿಲಿ ಅತ್ತೆ, ತೋರಿಸ್ತೀನಿ" ಅಂದೆ. ಅಂದಿದ್ದೆ ಅಲ್ಲವಾ?

ಬೆಂಗಳೂರಿನ ಆ ಮೊದಲ ವರ್ಷದ ಬಗ್ಗೆ ನಿಮಗೆ ನಾನು ಹೆಚ್ಚೇನೂ ಹೇಳಿರಲಿಲ್ಲ. ನಾನು ರೋಗಿಯ ಎದುರು ಕೂತರೆ ಗಾಜಿನ ಆಚೆ ನಮ್ಮ ಗೈಡ್ ಮೇಡಂ ಕೂತು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದೇ ಮಾತು ಹಿಡಿದು ಕೇಳುತ್ತಿದ್ದರು. ಅವರು ಅಳುವಾಗ ನೀನೇಕೆ ಅವಸರದಿಂದ ನೀರು ಕೊಟ್ಟೆ? ಅವರ ಅಳು ನಿನಗೆ ತಡೆಯಲಾಗಲಿಲ್ಲವೋ? ಅವರು ಸುಮ್ಮನಾದಾಗ ಆ ಮೌನವನ್ನು ನೀನೇಕೆ ತುಂಬಿದೆ? ಮೊದಮೊದಲು ಹಾಸ್ಟೆಲ್ಲಿಗೆ ಬಂದು ಮುಖ ತೊಳೆದುಕೊಂಡು ಮಲಗಿಬಿಡುತ್ತಿದ್ದೆ. ಬರುಬರುತ್ತ ಕೈ ಕಟ್ಟಿ ಕೂರುವುದು ಬಂತು, ಕೇಳುವುದು ಬಂತು. ಸಂಶೋಧನೆಗೆ ಏನು ಮಾಡುತ್ತೀ ಅಂದಾಗ, ನಮ್ಮ ಕಡೆಯ ಬಾಣಂತಿಯರ ಮನಸ್ಸಿನ ಬಗ್ಗೆ ಅಂದೆ. ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳು, ಕೇರಿಗಳು, ಕಾಡಂಚಿನ ಬುಡಕಟ್ಟು ಹಾಡಿಗಳು, ಗಡಿಯ ತಮಿಳು ಮನೆಗಳು.

ಬಾಣಂತಿಯರಿಗೆ ಕೇಳುವ ಪ್ರಶ್ನೆಗಳ ಪಟ್ಟಿ ಒಪ್ಪಿಸುವ ದಿನ ಒಬ್ಬ ಹಿರಿಯ ಪ್ರೊಫೆಸರು, "ಇದರಲ್ಲಿ ಖಿನ್ನತೆ ಅನ್ನೋ ಪದವೇ ಇಲ್ಲವಲ್ಲಮ್ಮ" ಅಂದರು. ಎದ್ದು ನಿಂತು ಹೇಳಿದೆ: "ಸರ್, ನಾನು ಉಡಿಗಾಲದವಳು. ನಮ್ಮ ಕಡೆ ಯಾರಿಗೂ ಖಿನ್ನತೆ ಬರೋದಿಲ್ಲ. ಎದೆ ಭಾರ ಆಗುತ್ತೆ, ಯಾವುದೂ ಬ್ಯಾಡ ಅನ್ಸುತ್ತೆ, ಮಗು ಮುಖ ನೋಡಿದ್ರೆ ಹೊಟ್ಟೆಯೊಳಗೆ ಏನೂ ಆಗಲ್ಲ. ನಾನು ಇದನ್ನೇ ಕೇಳಬೇಕು." ಒಪ್ಪಿಕೊಂಡರು. ನನ್ನ ಧ್ವನಿ ಅಷ್ಟು ಗಟ್ಟಿ ಇದೆ ಅಂತ ನನಗೂ ಅವತ್ತೇ ಗೊತ್ತಾಗಿದ್ದು.

ನಾನು ಹಳ್ಳಿ ತಿರುಗಲು ಊರಿಗೆ ಬಂದಾಗ ನಿಮ್ಮ ಮಗ ತಲೆ ಕೆರೆದುಕೊಂಡರಲ್ಲ, ನೆನಪಿದೆಯಾ? ಕಾಡಂಚು, ಆನೆ ಓಡಾಟ, ಒಬ್ಬಳೇ ಹೇಗೆ... ಅವರ ಮಾತು ಮುಗಿಯುವ ಮೊದಲೇ ಒಳಗಿಂದ ನಿಮ್ಮ ದನಿ ಬಂತು. "ನಾನೋಯ್ತೀನಿ ಬುಡ್ಲಾ. ಮನೇಲ್ ಕೂತು ನಂಗೂ ಸಾಕಾಗದೆ." ಮಾರನೆಯ ದಿನವೇ ಎಲೆಅಡಿಕೆ ಚೀಲ ಹಿಡಿದು ಬಸ್ಸು ಹತ್ತಿದಿರಿ. ಕಿಟಕಿ ಪಕ್ಕದ ಸೀಟು ಯಾವತ್ತೂ ನಿಮ್ಮದೇ. ತಾಳವಾಡಿ ಕಡೆ ಹುಟ್ಟಿ ಬೆಳೆದವರು ನೀವು, ತಮಿಳು ನಿಮಗೆ ನೀರು ಕುಡಿದಷ್ಟು ಸಲೀಸು. ದಾರಿಯುದ್ದಕ್ಕೂ ನನಗೆ ಪಾಠ. ನಿದ್ದೆ ಬರುತ್ತಾ ಅನ್ನುವುದಕ್ಕೆ 'ತೂಕ್ಕಮ್ ವರುದಾ' ಅಂತ ನಾನಂದರೆ, "ಗಂಟ್ಲಲ್ ಬ್ಯಾಡ ಕಣಮ್ಮಿ, ಪೋಲೀಸ್ನೋರಂಗೆ ಕೇಳ್ಬ್ಯಾಡ, ಮಗೀನ್ ಕೇಳ್ದಂಗ್ ಕೇಳು" ಅನ್ನುತ್ತಿದ್ದಿರಿ. ಇಡೀ ಬಸ್ಸು ತಿರುಗಿ ನೋಡುತ್ತಿತ್ತು.

ಹೋದ ಕಡೆ ಎಲ್ಲ ನೀರು ಕೊಡುತ್ತಿದ್ದರು. ಕೆಲವು ಮನೆಗಳಲ್ಲಿ ನೀವು ಕುಡಿಯುತ್ತಿದ್ದಿರಿ, ಕೆಲವು ಮನೆಗಳಲ್ಲಿ "ಇವತ್ತು ಒಪ್ಪೊತ್ತು ಕಣವ್ವ" ಅನ್ನುತ್ತಿದ್ದಿರಿ. ಕೇರಿಗೆ ಹೋದ ದಿನವೆಲ್ಲ ನಿಮಗೆ ಒಪ್ಪೊತ್ತೇ. ಅವರಿಗೂ ಅರ್ಥವಾಗುತ್ತಿತ್ತು, ನನಗೂ ಅರ್ಥವಾಗುತ್ತಿತ್ತು. ನಾನು ಲೋಟ ಖಾಲಿ ಮಾಡಿ, ಇನ್ನೊಂದು ಲೋಟ ಕೇಳಿ ಕುಡಿಯುತ್ತಿದ್ದೆ. ನೀವು ಬೇರೆ ಕಡೆ ನೋಡುತ್ತಿದ್ದಿರಿ. ಆ ವಿಷಯ ನಮ್ಮಿಬ್ಬರ ನಡುವೆ ಮಾತಿಗೆ ಬರಲೇ ಇಲ್ಲ.

ಮಾತಿಗೆ ಬಂದದ್ದು ಇನ್ನೊಂದು. ಮೊದಲ ಕೆಲವು ವಾರ ನೀವು ನನ್ನ ಜೊತೆ ಒಳಗೇ ಕೂರುತ್ತಿದ್ದಿರಿ. ಹಿರಿಯರು, ಏಳಿ ಅನ್ನುವುದು ಹೇಗೆ? ಒಂದು ಊರಲ್ಲಿ ಒಬ್ಬಳು ಹುಡುಗಿ ತನ್ನ ಅತ್ತೆಮನೆ ಕಷ್ಟ ಹೇಳಿಕೊಂಡು ಅತ್ತಳು. ಮುಂದಿನ ವಾರ ಹೋದಾಗ ಅವಳು ಬಾಗಿಲಿಗೇ ಬರಲಿಲ್ಲ. ಅವಳ ತಾಯಿ ಅಂಗಳದಲ್ಲೇ ನಿಲ್ಲಿಸಿ, "ನಮ್ ಮನೆ ಇಸ್ಯ ಪ್ಯಾಟೆ ಗಂಟ ಓಗದೆ ಕಣ್ರವ್ವ. ಇನ್ ಬರ್ಬ್ಯಾಡಿ" ಅಂದಳು. ನೀವು ಎದುರುಮನೆ ಪುಟ್ಟಮ್ಮನಿಗೆ ಹೇಳಿದ್ದಿರಿ. ಪುಟ್ಟಮ್ಮನ ತಂಗಿಯನ್ನು ಕೊಟ್ಟಿದ್ದು ಅದೇ ಊರಿಗೆ.

ಅವತ್ತು ಬಸ್‌ಸ್ಟಾಪಿನಲ್ಲೇ ಹೇಳಿಬಿಟ್ಟೆ. "ಅತ್ತೆ, ಇನ್ಮೇಲೆ ಒಳಗೆ ಕೂರಬೇಡಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೋದ್ರೆ ನನ್ನ ಓದಿಗೆ ಅರ್ಥವೇ ಇಲ್ಲ."

"ಇದು ಮಾತಾಡ್ಬಾರ್ದ ಇಸ್ಯ ಅಂತ ನಂಗೇನ್ ಗೊತ್ತು?"

"ಈಗ ಗೊತ್ತಾಯ್ತಲ್ಲ."

ಸೊಸೆಯೊಬ್ಬಳು ಅತ್ತೆಗೆ ಹಾಗನ್ನಬಹುದಾ? ಅನ್ನಬೇಕಿತ್ತು, ಅಂದೆ. ಆಮೇಲೆ ಮನೆಯಲ್ಲಿ ನೀವು ನನಗೆ ಮುದ್ದೆ ಇಡುತ್ತಿದ್ದಿರಿ, ಸಾರು ಬಿಡುತ್ತಿದ್ದಿರಿ, ಮಾತಿಲ್ಲ. ಮಗನ ಹತ್ತಿರ ಮಾತ್ರ, "ನಿನ್ನೆಂಡ್ತಿ ನನ್ ಬಾಯ್ಗೆ ಬೀಗ ಆಕವ್ಳೆ ಕಣ್ಲಾ" ಅಂದಿರಂತೆ. ಅವರು ಬಂದು ನನಗೆ ಹೇಳಿದರು. ನೀವು ಬಾರದಿದ್ದರೆ ಒಬ್ಬಳೇ ಹೋಗುವುದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಹೊರಡುವ ದಿನ ಬೆಳಿಗ್ಗೆ ನೋಡಿದರೆ ನೀವೇ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ನಿಂತಿದ್ದಿರಿ. "ನಡಿಯಮ್ಮಿ, ಬಸ್ ತಪ್ಪೋಯ್ತದೆ. ಆಚೆ ಕೂತ್ಕತೀನಿ ಬುಡು." ಆ ಎದುರುಮನೆ ಪುಟ್ಟಮ್ಮ ಏನಾದರೂ ಕೇಳಿದರೆ ಆಮೇಲಿಂದ ನೀವು ಕೊಡುತ್ತಿದ್ದ ಉತ್ತರ ಒಂದೇ: "ನಂಗೇನ್ ಗೊತ್ತಮ್ಮಿ, ನಾನಾಚೆ ಕೂತಿದ್ದಿ."

ಗೋಪಾಲಸ್ವಾಮಿ ಬೆಟ್ಟದ ಕಡೆಯ ಆ ಕೇರಿಯ ಹುಡುಗಿಯ ಹೆಸರು ಬೇರೆ, ಇಲ್ಲಿ ಚಿಕ್ಕತಾಯಿ ಅನ್ನುತ್ತೇನೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗೋಡೆ ಕಡೆ ಮುಖ ಮಾಡಿ ಕೂತರೆ ಕೂತಲ್ಲೇ, ಮಗು ಅತ್ತರೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಣಂತಿ ಸನ್ನಿ ಅಂದರು, ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದರು. ಚಾಮರಾಜನಗರದ ಮನೋವೈದ್ಯರ ಹತ್ತಿರ ನಾನೇ ಕಳಿಸಿದೆ, ಮಾತ್ರೆ ಕೊಟ್ಟರು, ಸ್ವಲ್ಪ ಊಟ ಸೇರಿತು. ಆದರೆ ಮಾತಿಲ್ಲ. ನಾನು ಹೋಗುವುದು, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂರುವುದು, ಬರುವುದು. ಆ ಮೌನ ತುಂಬಬಾರದು ಅಂತ ನನಗೆ ಕಲಿಸಿದ್ದರು. ಹಾಗೆಯೇ ಕೂತಿರುತ್ತಿದ್ದೆ. ಹೊರಗೆ ಜಗಲಿಯಲ್ಲಿ ನೀವು.

ಒಂದು ದಿನ ನಾವಿದ್ದಾಗಲೇ ಅವಳ ಗಂಡನ ಅಣ್ಣ ಬಂದ. ಪಂಚಾಯ್ತಿ ಮೆಂಬರು, ಗಟ್ಟಿ ಬಾಯಿ. ಬಾಗಿಲು ಮುಂದಕ್ಕೆ ಎಳೆದಿತ್ತು, ಒಳಗಿಂದ ನಮಗಿಬ್ಬರಿಗೂ ಎಲ್ಲ ಕೇಳಿಸುತ್ತಿತ್ತು.

"ಒಳ್ಗವಳಾ ನಮ್ ಉಡ್ಗಿ?"

"ಅವ್ಳೆ" ಅಂದಿರಿ ನೀವು.

"ಏನ್ ಏಳ್ತಾವ್ಳೆ ಆ ಡಾಕ್ಟ್ರಮ್ಮುಂಗೆ?"

"ನಂಗೇನ್ ಗೊತ್ತು?"

"ನಮ್ ಮನೆ ಇಸ್ಯ ಆಡ್ತಾವ್ಳಾ ಏನು? ಜರುಗವ್ವ, ನಾನ್ ನೋಡ್ಬೇಕು."

"ಓಗಂಗಿಲ್ಲ ಕಣಪ್ಪ."

"ಯಾಕ್ ಓಗಂಗಿಲ್ಲ?"

"ಒಳ್ಗಿರೋ ಡಾಕ್ಟ್ರು ನನ್ ಸ್ವಂತ ಸೊಸೆ. ನಾನೇ ಓಗಂಗಿಲ್ಲ. ನೀನೆಂಗ್ ಓಗೀಯೆ?"

ಅವನು ದನಿ ಏರಿಸಿದ. ನೀವು ಏರಿಸಲಿಲ್ಲ. ಹೊಸಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಿದ್ದಿರಂತೆ. ನಿಮ್ಮ ಕಾಲು ದಾಟಿ ಹೋಗುವ ಧೈರ್ಯ ಅವನಿಗೆ ಬರಲಿಲ್ಲ. "ನಿಮ್ ಉಡ್ಗಿ ಸರೋಗ್ಬೇಕು ಅಂತ ಬಂದಿದ್ದೀಯ ತಾನೇ? ಕೂತ್ಕೊ ಇಲ್ಲಿ. ಎಲೆ ಆಕ್ತೀಯ?" ಅಂದಿರಿ. ಅವನು ಗೊಣಗುತ್ತ ಹೊರಟುಹೋದ.

ಒಳಗೆ ಏನಾಯಿತು ಅಂತ ನಿಮಗೆ ಗೊತ್ತಿರಲಿಲ್ಲ. ಇಷ್ಟನ್ನು ಮಾತ್ರ ಹೇಳುತ್ತೇನೆ, ಇಷ್ಟು ಹೇಳಬಹುದು ಅಂತ ಚಿಕ್ಕತಾಯಿಯೇ ಆಮೇಲೆ ಅಂದಳು. ಅವಳು ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

"ನಾನೇಳುದ್ದು ಆಚ್ಗೆ ಓಗಲ್ವಾ ಅಕ್ಕ?"

"ಹೋಗಲ್ಲ."

"ಆ ಅಜ್ಜಿಗೂವೆ?"

"ಅವರಿಗೂ ಇಲ್ಲ."

ಆಮೇಲೆ ಮಾತಾಡಿದಳು. ಅವಳು ಹೇಳಿದ್ದನ್ನು ನಿಮಗೆ ಅವತ್ತೂ ಹೇಳಲಿಲ್ಲ, ಇವತ್ತೂ ಬರೆಯುವುದಿಲ್ಲ. ನಾನು ಹೊರಗೆ ಬಂದಾಗ ಅವಳ ತಾಯಿ ಚೊಂಬು ಹಿಡಿದು ನಿಮ್ಮ ಮುಂದೆ ನಿಂತಿದ್ದಳು. "ಇವತ್ತೂ ಒಪ್ಪೊತ್ತಾ ಅಜ್ಜಿ?" ಅಂದಳು. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಬರೀ ಪ್ರಶ್ನೆ. ನೀವು ಅವಳ ಮುಖ ನೋಡಿದಿರಿ. "ಇಲ್ಲ ಕಣವ್ವ, ತತ್ತಾ" ಅಂದು ಚೊಂಬು ಎತ್ತಿ ಗಟಗಟ ಕುಡಿದಿರಿ. ಬಸ್ಸಿನಲ್ಲಿ ನನ್ನ ಕಿವಿ ಹತ್ತಿರ ಬಗ್ಗಿ, "ನಿಮ್ ಮಾವುನ್ಗೆ ಏಳ್ಬ್ಯಾಡ" ಅಂದಿರಿ.

"ನಾನು ಯಾರದ್ದನ್ನ ಯಾರಿಗೆ ಹೇಳಿದ್ದೀನಿ ಅತ್ತೆ?"

ಇಬ್ಬರೂ ನಕ್ಕೆವು. ಗುಂಡ್ಲುಪೇಟೆ ಬರುವ ತನಕ ನಿಮಗೆ ನಗು ತಡೆಯಲಾಗಲಿಲ್ಲ. ಇಳಿಯುವಾಗ ಮಾತ್ರ ಕೇಳಿದಿರಿ: "ಸರೋಯ್ತಾಳಾ ಆ ಉಡ್ಗಿ?" ಸರಿಹೋಗ್ತಾಳೆ ಅತ್ತೆ ಅಂದೆ. ಅಷ್ಟೇ ಸಾಕು ಬುಡು ಅಂದಿರಿ. ಮಗು ಬೋರಲು ಬೀಳುವ ಹೊತ್ತಿಗೆ ಅವಳು ಅದನ್ನು ಎತ್ತಿಕೊಂಡು ಕೇರಿಯೆಲ್ಲ ತಿರುಗುತ್ತಿದ್ದಳು. ಅದನ್ನು ನೀವೂ ನೋಡಿದಿರಿ. ಮಗುವಿಗೆ ದೃಷ್ಟಿ ತೆಗೆದವರೂ ನೀವೇ.

ನೀವು ಹೋದ ದಿನ ನಾನು ಬೆಂಗಳೂರಲ್ಲಿದ್ದೆ, ಪ್ರಬಂಧದ ಕೊನೆಯ ಅಧ್ಯಾಯ ತಿದ್ದಿಸಲು ಹೋಗಿದ್ದೆ. ಚೆಂಡುಹೂವು ಕೊಯ್ಲಿನ ಕಾಲ, ಕೇರಳದ ಲಾರಿಗಳು ಬಂದು ನಿಂತಿದ್ದವು. ಹೊಲದ ಬದುವಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ನಾನು ಬಂದು ಇಳಿಯುವಾಗ ಮನೆ ಮುಂದೆ ಜನ. ಆ ಜನರ ಅಂಚಿನಲ್ಲಿ, ಮಗು ಎತ್ತಿಕೊಂಡು ಚಿಕ್ಕತಾಯಿ, ಪಕ್ಕದಲ್ಲಿ ಅವಳ ತಾಯಿ. ಯಾರು ಅಂತ ಪುಟ್ಟಮ್ಮ ಕೇಳಿದಳು. "ಅತ್ತೆಗೆ ಗೊತ್ತಿದ್ದವರು" ಅಂದೆ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ನಿಮ್ಮ ಕಾಲಿನ ಹತ್ತಿರ ಅವರು ಕೂತರು. ಯಾರೂ ಏನೂ ಅನ್ನಲಿಲ್ಲ. ಅನ್ನಲು ನಾನು ಬಿಡುತ್ತಲೂ ಇರಲಿಲ್ಲ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನನ್ನು ಬಿಡದೆ ಕೇಳಿದರು. ಹಾಡಿಯವರು ನಿನ್ನನ್ನು ಹೇಗೆ ನಂಬಿದರು? ತಮಿಳಿನವರ ದುಃಖಕ್ಕೆ ನಿನ್ನ ಕನ್ನಡದ ಅಳತೆ ಸಾಲುತ್ತದೆಯೇ? ಪ್ರತಿ ಮನೆಗೂ ನಿನ್ನ ಜೊತೆ ಒಬ್ಬ ಹಿರಿಯ ಹೆಂಗಸು ಬರುತ್ತಿದ್ದರು ಅಂತ ಬರೆದಿದ್ದೀಯ, ಅದರಿಂದ ಅವರ ಮಾತಿಗೆ ಅಡ್ಡಿಯಾಗಲಿಲ್ಲವೇ? ಮೊದಲು ಅಡ್ಡಿಯಾಯಿತು ಸರ್, ಅದನ್ನೂ ಬರೆದಿದ್ದೇನೆ, ಆಮೇಲೆ ಅವರು ಹೊರಗೆ ಕೂರಲು ಕಲಿತರು ಅಂದೆ. "ಅದು ಅಷ್ಟು ಸುಲಭವೇ?" ಅಂದರು. "ಸುಲಭವಲ್ಲ. ನನಗೆ ವರ್ಷಗಳು ಹಿಡಿದವು, ಅವರಿಗೆ ಒಂದು ವಾರ" ಅಂದೆ. ಗೈಡ್ ಮೇಡಂ ತಲೆ ತಗ್ಗಿಸಿ ನಕ್ಕರು. ಒಂದು ಗಂಟೆ ಹೊರಗೆ ಕಾಯಿಸಿ, ಒಳಗೆ ಕರೆದು, ನನ್ನ ಹೆಸರಿನ ಮುಂದೆ ಡಾಕ್ಟರ್ ಸೇರಿಸಿ ಕೈ ಕುಲುಕಿದರು. ಮನೆಗೆ ಫೋನ್ ಮಾಡಿದೆ. ಮಾವ ಎತ್ತಿ, "ಆಯ್ತಾ ಮಗ?" ಅಂದರು.

ಈಗ ಚಾಮರಾಜನಗರದ ಆಸ್ಪತ್ರೆಯಲ್ಲಿದ್ದೇನೆ ಅತ್ತೆ. ವಾರದಲ್ಲಿ ಒಂದು ದಿನ ಹಳ್ಳಿಗಳ ಕಡೆ ಹೋಗುತ್ತೇನೆ. ಮೈಸೂರಿನಿಂದ ಬರುವ ಒಬ್ಬ ಹಿರಿಯ ಸೈಕಾಲಜಿಸ್ಟು ಪಕ್ಕದ ಕೋಣೆಯಲ್ಲಿ ಕೂರುತ್ತಾರೆ, ತಾಳ್ಮೆಯ ಮನುಷ್ಯ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಗಿಲು ತೆಗೆದು ಮುಂದಿನವರನ್ನು ಕರೆಯಲು ನೋಡಿದರೆ ಸಾಲಿನಲ್ಲಿ ಮಾವ. ಇಸ್ತ್ರಿ ಮಾಡಿದ ಪಂಚೆ, ತಲೆ ಬಾಚಿಕೊಂಡು.

"ಏನ್ ಮಾವ, ಊಟ ತಂದ್ರಾ?"

"ಇಲ್ಲ ಕಣವ್ವ. ಚೀಟಿ ಮಾಡ್ಸಿವ್ನಿ."

ನೀವು ಹೋದ ಮೇಲೆ ಅವರು ಸರಿಯಾಗಿ ಮಲಗಿಲ್ಲ ಅಂತ ನಮಗೆ ಗೊತ್ತಿತ್ತು. ಕೇಳಿದರೆ ಬಿಸಿಲು, ಸೊಳ್ಳೆ, ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದರು. ಪಕ್ಕಕ್ಕೆ ಕರೆದು ಹೇಳಿದೆ: "ಮಾವ, ಮನೆಯವರನ್ನ ನಾವೇ ನೋಡಬಾರದು. ನನ್ನ ಹತ್ತಿರ ಹೇಳಕ್ಕಾಗದ್ದೂ ಇರುತ್ತೆ ನಿಮಗೆ."

"ಇರ್ತದೆ" ಅಂದರು.

ಪಕ್ಕದ ಕೋಣೆಗೆ ಕಳಿಸಿದೆ. ಅವತ್ತಿನಿಂದ ವಾರ ವಾರ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬರುತ್ತಾರೆ, ನನ್ನ ಕೋಣೆ ಮುಂದೆ ತಲೆ ಎತ್ತದೆ ಹಾದುಹೋಗುತ್ತಾರೆ. ಈಗ ನಿದ್ದೆ ಬರುತ್ತಿದೆ. ಹೊಲಕ್ಕೆ ಮತ್ತೆ ಹೋಗುತ್ತಿದ್ದಾರೆ.

ಇನ್ನೊಂದು ವಿಷಯ ಹೇಳಲೇಬೇಕು ಅಂತಲೇ ಈ ಕಾಗದ ಹಿಡಿದು ಕೂತೆ. ಇಷ್ಟು ವರ್ಷ ಈ ಮನೆಯಲ್ಲಿದ್ದೇನೆ, ಮಾವ ನಿಮ್ಮನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಂದು ಸಲವೂ ಕೇಳಿಲ್ಲ. ಅಮ್ಮಿ, ಇವಳೇ, ಬಾ ಇಲ್ಲಿ, ಅಷ್ಟೇ. ನಿನ್ನೆ ಉಪ್ಸಾರು ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟವರು ಕೈ ನಿಲ್ಲಿಸಿ ತಟ್ಟೆ ನೋಡುತ್ತ ಕೂತರು. ನಿಮ್ಮ ಮಗನೂ ನಾನೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಮಾವ ನಿಧಾನಕ್ಕೆ, "ಚೆಂದಾಗದೆ ಕಣವ್ವ" ಅಂದರು. "ಆದ್ರೆ ನಮ್ ಗೌರಮ್ಮ ಮಾಡ್ತಿದ್ದ ಉಪ್ಸಾರೇ ಬ್ಯಾರೆ."