ವೆಲ್ಷ್‌ಗೆ ಒಂದನ್ನು ಒತ್ತಿ

ಶ್ರೂಸ್‌ಬರಿ
ಮಂಗಳವಾರ, ನವೆಂಬರ್ 12

ಪ್ರೀತಿಯ ತಾತಾ,

ಕೌನ್ಸಿಲ್ ಕಚೇರಿಯವರು ಒಪ್ಪಿಕೊಂಡರು! ಅಜ್ಜಿ ಮನೆಯಲ್ಲೇ ಇರಬಹುದೋ, ವೃದ್ಧಾಶ್ರಮಕ್ಕೆ ಹೋಗಬೇಕೋ ಎಂದು ಸೋಮವಾರ ಮತ್ತೆ ಬಂದು ನೋಡುತ್ತಾರೆ, ಅದೂ ನಮ್ಮ ವೆಲ್ಷ್ ಭಾಷೆಯಲ್ಲೇ ಮಾತಾಡಿಸಿ! ನಿಮ್ಮ ಮಂಡಿನೋವು ಹೇಗಿದೆ? ಅಜ್ಜಿ ಸೂಪನ್ನಾದರೂ ಕುಡಿಯುತ್ತಿದ್ದಾರಾ? ನೀವು ಫೋನನ್ನೇ ಕಿತ್ತಿಟ್ಟಿದ್ದೀರಿ, ಹಾಗಾಗಿ ಪತ್ರವೇ ಗತಿ. ಮದುವೆಯಾಗಿ ತಿಂಗಳು ತುಂಬಿಲ್ಲ, ಆಗಲೇ ನನಗಿಂತ ತಾತನೇ ಹೆಚ್ಚಾದರು ಎಂದು ಗ್ವೆರ್ನ್ ಕಾಡಿಸುತ್ತಾನೆ. ಎಷ್ಟು ಒಳ್ಳೆಯವನು ಗೊತ್ತಾ!

ಹೋದ ಸಲ ಬಂದಾಕೆ ಇಂಗ್ಲಿಷ್‌ನಲ್ಲಿ ಏನು ಕೇಳಿದರೂ ಅಜ್ಜಿ ಸುಮ್ಮನೆ ಕೂತಿದ್ದರಂತೆ. ಪಾರ್ಶ್ವವಾಯು ಒಯ್ದದ್ದು ಅವರ ಇಂಗ್ಲಿಷನ್ನು, ಬುದ್ಧಿಯನ್ನಲ್ಲ. ಆದರೆ ವೆಲ್ಷ್ ಬಲ್ಲವರನ್ನು ಕಳಿಸಿ ಎಂದು ನೀವು ಕೇಳುವವರಲ್ಲ. "ನಮ್ಮಿಂದ ಅವರಿಗ್ಯಾಕೆ ತೊಂದ್ರೆ" ಅಂತೀರಿ. ಕೌನ್ಸಿಲ್‌ಗೆ ಫೋನ್ ಮಾಡಿದಾಗ ನಾವೆಲ್ಲ ಇಂಗ್ಲಿಷ್‌ಗೆಂದು ಎರಡನ್ನೇ ಒತ್ತುವವರು. ನಮ್ಮ ವೆಲ್ಷ್ ಅಡುಗೆಮನೆಗೆ ಸರಿ, ಕಚೇರಿಗೆ ಸಾಲದು ಎಂಬ ನಾಚಿಕೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನದಂತೂ ಕೇಳಲೇಬೇಡಿ.

ನಿನ್ನೆ ಮೊದಲ ಸಲ ಒಂದನ್ನು ಒತ್ತಿದೆ. ತಾತಾ, ಅಮ್ಮನ ದನಿ! "ಸ್ವಲ್ಪ ತಾಳಿ, ಈಗ ಬಂದೆವು." ಆ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ರೆಕಾರ್ಡ್ ಮಾಡಿದ್ದಿರಬೇಕು. ಅವಳು ಹೋಗಿ ಮೂರು ವರ್ಷವಾಯಿತು, ದನಿ ಮಾತ್ರ ಇನ್ನೂ ಬರುತ್ತೇನೆ ಎನ್ನುತ್ತಿದೆ. ಫೋನ್ ಇಟ್ಟೆ. ಮತ್ತೆ ಮಾಡಿದೆ, ಮತ್ತೆ ಇಟ್ಟೆ. ಗ್ವೆರ್ನ್ ಗಾಬರಿಯಾಗಿ ಬಂದು ಪಕ್ಕದಲ್ಲಿ ಕೂತ. ಕೊನೆಗೂ ಫೋನ್ ಇಡದೆ ಕಾದೆ. ಎತ್ತಿದಾತ ನನ್ನ ತಡವರಿಕೆ ಕೇಳಿ, "ನಿಧಾನಕ್ಕೆ ಹೇಳಮ್ಮ, ಈ ಲೈನಲ್ಲಿ ನಿನ್ನ ಹಿಂದೆ ಯಾರೂ ನಿಂತಿಲ್ಲ" ಎಂದು ನಕ್ಕ. ನಾನು ಮೆನ್ನಾಳ ಮಗಳು ಎಂದೆ. ಅವನ ನಗು ನಿಂತಿತು. ಆ ದನಿ ಅಳಿಸಲು ಅಲ್ಲಿ ಯಾರಿಗೂ ಮನಸ್ಸಾಗಿಲ್ಲವಂತೆ. ಸೋಮವಾರದ ಏರ್ಪಾಡು ಅವನೇ ಮಾಡಿದ.

ಅಜ್ಜಿಗೆ ಸಾವಿರ ಮುತ್ತು. ಗ್ವೆರ್ನ್ ನಿಮ್ಮನ್ನು ಕೇಳಿದ್ದಾನೆ.

ನಿಮ್ಮ ಮುದ್ದಿನ
ಮಾಬ್ಲಿ

ಮರೆತಿದ್ದೆ: ಫೋನ್ ಇಡುವ ಮುಂಚೆ ಆತ ಕೇಳಿದ, "ನಿಮ್ಮ ತಾತನ ಊರು ಕ್ರಿಕಿಯೆತ್ ಕಡೆಯಿಂದ ದಿನಾ ಒಂದು ಕರೆ ಬರ್ತಿತ್ತು. ನಾವು ಎತ್ತಿದ್ರೆ ಬರೀ ಉಸಿರು, ಆಮೇಲೆ ಕಟ್. ಈಗ ಅದೂ ಇಲ್ಲ. ಆ ಜೀವ ಚೆನ್ನಾಗಿದ್ಯಾ?" ತಾತಾ, "ದಿನಾ ಯಾರಿಗೋ ಫೋನ್ ಹಚ್ಚಿ ಮೂಕಿಯ ಹಾಗೆ ಕೂರ್ತಾಳೆ, ತಲೆ ಕೆಟ್ಟಿದೆ" ಎಂದು ನೀವು ಫೋನ್ ಕಿತ್ತಿಟ್ಟಿರಲ್ಲ, ಅಜ್ಜಿ ಕೇಳುತ್ತಿದ್ದದ್ದು ಮಗಳ ದನಿಯನ್ನು. ಈ ಪತ್ರ ಕೆಳಗಿಟ್ಟು ಮೊದಲು ಫೋನ್ ಜೋಡಿಸಿ. ಶನಿವಾರ ಮಧ್ಯಾಹ್ನ ನಿಮ್ಮೂರಿನ ಮೇಲೆ ಹೋಗುವ ಪುಲ್‌ಹೆಲಿ ರೈಲಿಗೆ ಬರುತ್ತೇನೆ.