ಮೂರು ಪುಟದ ತಕರಾರು

ಕಲಘಟಗಿ
೧೧ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ದಿನೂ,

ಮೊದಲು ಚಿರಂಜೀವಿ ಅಂತ ಬರೆಯಬೇಕು. ಇವತ್ತು ಸಿಟ್ಟಿಗೆ ಕೈ ಓಡಲಿಲ್ಲ, ಬರೆದಿದ್ದೇನೆಂದೇ ತಿಳಿದುಕೋ. ನಾಗಪುರದಲ್ಲಿ ಥಂಡಿ ಜೋರಂತೆ. ನಿನ್ನ ಸೊಂಟನೋವು ಹೇಗಿದೆ? ಸೊಸೆ ಮೃಣಾಲಿನಿಯ ಕೆಮ್ಮು ಕಡಿಮೆಯಾಯಿತೆ? ಸಾತ್ವಿಕನನ್ನು ಸ್ವೆಟರ್ ಇಲ್ಲದೆ ಶಾಲೆಗೆ ಕಳಿಸಬೇಡಿ. ನಾನು ಗಟ್ಟಿ ಇದ್ದೇನೆ, ಬಿ.ಪಿ. ಮಾತ್ರ ಮೊನ್ನೆಯಿಂದ ಏರಿದೆ, ಅದಕ್ಕೆ ಕಾರಣ ನೀನು. ಫೋನಿನಲ್ಲಿ ಹೇಳಹೋದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೆ ಓದು.

ನಿನ್ನ ಮಗಳು ಸಂಪದಾಳ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ನೀನು ಬರಲಿಲ್ಲ. ರಜೆ ಇಲ್ಲ ಅಂದೆ, ಸರಿ. ನೀನು ನೋಡಿದ್ದು ಯಾರೋ ಮೊಬೈಲಿನಲ್ಲಿ ಹಿಡಿದು ಕಳಿಸಿದ ನಾಲ್ಕು ನಿಮಿಷ. ನಾನು ಕೂತಿದ್ದು ನಾಲ್ಕು ತಾಸು. ಮುಖ್ಯ ಅತಿಥಿಯೊಬ್ಬ ಬಂದಿದ್ದ. ಕಿವಿ ಕೇಳದ ನೂರಿಪ್ಪತ್ತು ಮಕ್ಕಳೆದುರು ಮೈಕ್ ಹಿಡಿದು ನಲವತ್ತು ನಿಮಿಷ ಮಾತಾಡಿದ ಪುಣ್ಯಾತ್ಮ! ಭಾಷಣದ ಪ್ರತಿ ಮೊದಲೇ ಓದಿಕೊಂಡು, ಅದನ್ನು ಸನ್ನೆಯಲ್ಲಿ ಹೇಳಲು ಮುಸರತ್ ಟೀಚರ್ ತಯಾರಾಗಿ ನಿಂತಿದ್ದಳು. ವೇದಿಕೆಯಲ್ಲಿ ಜಾಗವಿಲ್ಲ ಎಂದು ಕೆಳಗಿಳಿಸಿದರು. ಆಮೇಲೆ ಹುಡುಗಿಯರ ಡಾನ್ಸ್. ದೊಡ್ಡ ಡೊಳ್ಳನ್ನು ವೇದಿಕೆಯ ಹಲಗೆಯ ಮೇಲೇ ಇಟ್ಟು ಬಾರಿಸುತ್ತಾರೆ. ಮಕ್ಕಳು ಬರಿಗಾಲಲ್ಲಿ ಅದರ ಅದುರು ಹಿಡಿದು ಕುಣಿಯುತ್ತಾರೆ. ಯಾವ ಹೆಜ್ಜೆ ಯಾವಾಗ ಬದಲಿಸಬೇಕು ಎಂದು ಮುಸರತ್ ವೇದಿಕೆಯ ಮುಂದೆ ಕೆಳಗೆ ನಿಂತು ಕೈಯಲ್ಲಿ ತೋರಿಸುತ್ತಾಳೆ. ನಮ್ಮ ಅತಿಥಿ ಮಹಾಶಯ ಫೋಟೋ ತೆಗೆಸಿಕೊಳ್ಳಲು ಎದ್ದವನು ತನ್ನ ನಾಲ್ಕು ಮಂದಿಯನ್ನೂ ಕಟ್ಟಿಕೊಂಡು ಸರಿಯಾಗಿ ಅವಳ ಮುಂದೆಯೇ ಗೋಡೆ ಕಟ್ಟಿದ. ಎಂಟೂ ಹುಡುಗಿಯರಿಗೆ ಹೆಜ್ಜೆ ತಪ್ಪಿತು. ಅವನು ಚಪ್ಪಾಳೆ ತಟ್ಟುತ್ತ, "ಪಾಪ, ಕಿವಿ ಕೇಳದಿದ್ರೂ ಏನ್ ಛಂದ ಕುಣೀತಾವ ನೋಡ್ರಿ" ಅಂದ. ನಾನು ಎದ್ದು ನಿಂತು, "ಸಾಹೇಬ್ರ, ಕೂಡ್ರಿ. ಹುಡುಗ್ಯಾರಿಗೆ ಟೀಚರ್ ಕೈ ಕಾಣವಲ್ದು" ಎಂದು ಕೂಗಿದೆ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕೂಗಿದ ಗಂಟಲು ನೋಡು, ತಟ್ಟನೆ ಕೂತ.

ಅದಾದ ಮೇಲೆ ನಾಟಕ. ಇದನ್ನು ಯಾರೂ ಬರೆದುಕೊಟ್ಟಿಲ್ಲ, ಏಳನೇ ಇಯತ್ತೆಯ ಮಕ್ಕಳೇ ಕಟ್ಟಿದ್ದು. ಮನೆಮಂದಿ ಸಾಲಾಗಿ ಊಟಕ್ಕೆ ಕೂತಿದ್ದಾರೆ. ಎಲ್ಲರ ಬಾಯಿ ಪಟಪಟ ಆಡುತ್ತಿದೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ನಡುವೆ ಒಬ್ಬ ಹುಡುಗಿ ಅವರ ಮುಖ ಇವರ ಮುಖ ನೋಡುತ್ತಾಳೆ. ಅಪ್ಪನ ತೋಳು ಜಗ್ಗಿ, ಏನಾಯಿತು ಎಂದು ಕೇಳುತ್ತಾಳೆ. ಅಪ್ಪ ಅವಳ ಕಡೆ ನೋಡದೆಯೇ ಕೈಯಾಡಿಸಿ, ಆಮೇಲೆ ಹೇಳುತ್ತೇನೆ ಅನ್ನುತ್ತಾನೆ. ಮತ್ತೆ ಕೇಳುತ್ತಾಳೆ, ಮತ್ತೆ ಆಮೇಲೆ. ಊಟ ಮುಗಿಯುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ, ಹುಡುಗಿ ಒಬ್ಬಳೇ ತಾಟು ಹಿಡಿದು ಕೂತಿರುತ್ತಾಳೆ. ಇಷ್ಟೇ ನಾಟಕ. ಅಪ್ಪನ ಪಾತ್ರ ಸಂಪದಾಳದು. ಕನ್ನಡಕ ಹಣೆಗೇರಿಸುವುದು, ತುತ್ತು ಬಾಯಲ್ಲಿದ್ದಾಗಲೇ ಮೊಬೈಲ್ ತಿರುವುವುದು, ನಕ್ಕಾಗ ತೊಡೆ ತಟ್ಟಿಕೊಳ್ಳುವುದು, ಒಂದನ್ನೂ ಬಿಟ್ಟಿರಲಿಲ್ಲ. ಹೆತ್ತ ನನಗೇ ಇಷ್ಟು ಗೊತ್ತಿರಲಿಲ್ಲ ಕಣೋ. ಹಿಂದೆ ಕೂತಿದ್ದ ಮಕ್ಕಳು ನೆಲಕ್ಕೆ ಕಾಲು ಬಡಿದು ಬಡಿದು ನಕ್ಕರು. ಎಲ್ಲರ ಮನೆಯಲ್ಲೂ ಅದೇ ಅಪ್ಪ. ಮುಂದೆ ಕೂತಿದ್ದ ತಂದೆತಾಯಂದಿರು ಮಾತ್ರ ತಂತಮ್ಮ ಚಪ್ಪಲಿ ನೋಡುತ್ತ ಕೂತರು. ನಾನೂ ನೋಡಿದೆ. ಯಾಕೆಂದರೆ ಮಂಜುಳಾ ಎಂಬ ಹುಡುಗಿ ಮಾಡಿದ ಅಜ್ಜಿ ನಾನೇ. ಕೂಸು ಕೇಳಿದ್ದಕ್ಕೆ ಉತ್ತರ ಕೊಡದೆ ತಾಟಿಗೆ ಇನ್ನೊಂದು ಹೋಳಿಗೆ ಹಾಕುವ ಅಜ್ಜಿ. ಅವಳು ನನ್ನ ಹತ್ತಿರ ಬಂದ ಒಂಬತ್ತು ವರ್ಷದಿಂದ ಹಾಕುತ್ತ ಬಂದಿದ್ದೇನೆ. ನನಗೆ ನಾಚಿಕೆಯಾಯಿತು, ದಿನೂ.

ನಿನಗೆ ಆಗಿದ್ದು ಏನು? ಸಿಟ್ಟು! ಮೊಬೈಲಿನಲ್ಲಿ ನಿನ್ನನ್ನೇ ನೋಡಿಕೊಂಡು, ಶಾಲೆಗೆ ಮೂರು ಪುಟದ ತಕರಾರು ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. 'ಕುಟುಂಬದ ಮಾನಹಾನಿ', 'ಮಗುವಿನ ದುರ್ಬಳಕೆ', ಎಂಥ ಎಂಥ ಮಾತು! ಇದೇ ಇಪ್ಪತ್ತೊಂದಕ್ಕೆ ಧಾರವಾಡದ ಸ್ಪರ್ಧೆಯಲ್ಲಿ ಈ ನಾಟಕ ಆಡಿಸಕೂಡದು, ಆಡಿಸಿದರೆ ಮಗಳನ್ನು ಶಾಲೆಯಿಂದಲೇ ಬಿಡಿಸುತ್ತೇನೆ ಎಂದಿದ್ದೀ. ಬಿಡಿಸಿ ಎಲ್ಲಿ ಕೂಡಿಸುತ್ತೀ? ಊಟದ ಸಾಲಿನಲ್ಲೇ? ಹೆಡ್‌ಮಾಸ್ತರ್ ಮಡಿವಾಳೆಪ್ಪನವರು ಬಡಪಾಯಿ, ನನ್ನನ್ನು ಕರೆಸಿ ಪತ್ರ ಕೈಗಿಟ್ಟು, "ಬಾಯಾರ, ನಿಮ್ಮ ಮಗಾರು ಅಗದಿ ಖಡಕ್ಕಾಗಿ ಬರದಾರ್ರಿ. ನಾಟಕ ತಗದು ಒಂದು ಭಕ್ತಿಗೀತದ ಡಾನ್ಸ್ ಇಟ್ಟಬಿಡೂಣ್ರಿ" ಅಂದರು. ಮುಸರತ್ ಅಲ್ಲೇ ಬಾಜು ನಿಂತಿದ್ದಳು. ಅವಳಿಗೂ ಕಿವಿ ಕೇಳದು, ಇದೇ ಶಾಲೆಯಲ್ಲಿ ಕಲಿತವಳು. ನಮ್ಮಿಬ್ಬರ ತುಟಿ ನೋಡಿಯೇ ಎಲ್ಲ ತಿಳಿದುಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತು.

ಯಾರ ಮಾನ ಹೋಯಿತಪ್ಪ? ನಿನ್ನ ಆಫೀಸಿನ ಪ್ರತಿ ಸಮಾರಂಭಕ್ಕೂ ನೀನೇ ನಿರೂಪಕ, ಮಾತಿಗೆ ನಿಂತರೆ ಹಿಡಿಯುವವರಿಲ್ಲ. ಹನ್ನೆರಡು ವರ್ಷದ ಮಗಳ ಜೊತೆ ಮಾತಾಡಲು ನಿನಗೆ ಬರುವುದು ನಾಲ್ಕು ಸನ್ನೆ: ಊಟ, ನಿದ್ದೆ, ಬಾ, ಆಮೇಲೆ. ಅರವತ್ತೆಂಟರ ನಾನು ಗ್ಯಾದರಿಂಗ್ ಆದ ಮರುದಿನದಿಂದ ಮುಸರತ್ ಮುಂದೆ ಕೂತು ಕೈ ತಿರುಗಿಸಲು ಕಲಿಯುತ್ತಿದ್ದೇನೆ. ಬೆರಳು ನೋಯುತ್ತವೆ, ತಪ್ಪು ಮಾಡಿದರೆ ಸಂಪದಾ ನಗುತ್ತಾಳೆ, ನಗಲಿ ಬಿಡು. ಅವಳು ನಿನ್ನನ್ನು ಆಡಿಕೊಂಡಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಾಳೆ. ಅದು ನೋಡಲಾಗದಿದ್ದರೆ ತಪ್ಪು ಅವಳದಲ್ಲ.

ಶಾಲೆಗೆ ಸೇರಿಸುವಾಗ ಪಾಲಕರ ಜಾಗದಲ್ಲಿ ನನ್ನ ಹೆಸರು ಬರೆಸಿದವನು ನೀನೇ, ನಾಗಪುರದಿಂದ ಯಾರು ಓಡಾಡುವುದು ಎಂದು. ಒಳ್ಳೆಯದೇ ಆಯಿತು. ಒಪ್ಪಿಗೆ ಪತ್ರಕ್ಕೆ ಸೋಮವಾರ ನಾನು ಸಹಿ ಹಾಕಿದೆ. ನಾಟಕ ಆಗುತ್ತದೆ, ಒಂದು ದೃಶ್ಯವನ್ನೂ ತೆಗೆಯುವುದಿಲ್ಲ. ಇನ್ನು ತಕರಾರಿದ್ದರೆ ನನ್ನ ಮೇಲೆ ಬರೆ.

ಮೃಣಾಲಿನಿಗೂ ಸಾತ್ವಿಕನಿಗೂ ನನ್ನ ಆಶೀರ್ವಾದ. ನಿನಗೂ ಇದೆ. ಸಿಟ್ಟು ಬೇರೆ, ಅದು ಬೇರೆ.

ನಿನ್ನ ಅವ್ವ,
ಭೀಮಾಬಾಯಿ

ತಾ.ಕ.: ಪೋಸ್ಟಿನ ಹೊತ್ತಾಯಿತು, ಆದರೂ ಹೇಳಿಬಿಡುತ್ತೇನೆ. ನಿನ್ನ ಆ ಮೂರು ಪುಟ ನನ್ನ ಚೀಲದಲ್ಲಿ ಸಂಪದಾಳಿಗೆ ಸಿಕ್ಕಿದವು. ಆಫೀಸಿನ ಭಾಷೆ ಅವಳಿಗೆ ತಿಳಿಯದು. ನನಗೆ ಬರೆದ ಕಾಗದ ನೋಡಿ ನಿನ್ನ ಅಕ್ಷರ ಗೊತ್ತು, ತನ್ನ ಹೆಸರು ಗೊತ್ತು. ಹೆಸರು ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ, ಏಳು ಕಡೆ. ಹುಟ್ಟಿದಾಗಿನಿಂದ ನೀನು ಅವಳಿಗೆ ಒಂದು ಸಾಲು ಬರೆದವನಲ್ಲ. ಅಪ್ಪ ಬರೆದಿದ್ದಾ, ಇಷ್ಟುದ್ದ, ಎಲ್ಲ ನನ್ನ ಬಗ್ಗೆಯೇ ಎಂದು ಕೈಯಲ್ಲಿ ಕೇಳಿದಳು. ಮುಖ ನೋಡಬೇಕಿತ್ತು ನೀನು. ಶಾಲೆಗೆ ಒಯ್ದು ಗೆಳತಿಯರಿಗೆಲ್ಲ ತೋರಿಸಿಕೊಂಡು ಬಂದಿದ್ದಾಳೆ. ಅಪ್ಪ ಏನು ಬರೆದಿದ್ದಾನೆ ಎಂದು ಬೆಳಿಗ್ಗೆ ಸಂಜೆ ನನ್ನನ್ನು ಪೀಡಿಸುತ್ತಾಳೆ. ಊರೆಲ್ಲರಿಗೂ ಬೈಯುವ ನನಗೆ ಇದೊಂದು ಹೇಳಲು ಆಗುತ್ತಿಲ್ಲ. ನೀನೇ ಬಾ. ಅವಳೆದುರು ಕೂತು, ನಿನ್ನ ಕೈಯಿಂದಲೇ ಹೇಳು.