ಕೊನೆಯ ಸೊನ್ನೆ

ಕುಡಿತ ಬಿಡಿಸುವ ಕೇಂದ್ರದ ಡಾಕ್ಟರಿಗೆ ನಮಸ್ಕಾರ.

ನಿಮ್ಮ ಗೇಟಿನ ಮೇಲಿನ ಬೋರ್ಡು ಬರೆದವರು ನಮ್ಮ ಯಜಮಾನರು. ಅದರಲ್ಲಿ ಫೋನ್ ನಂಬರು ತಪ್ಪಾಗಿದೆ. ನಾನು ಎರಡು ವಾರ ಅದೇ ನಂಬರಿಗೆ ಫೋನ್ ಮಾಡಿದೆ. ಪ್ರತಿ ಸಲವೂ ಒಬ್ಬ ಅಜ್ಜಿ ಎತ್ತಿ, "ಇದು ಆಸ್ಪತ್ರೆ ಅಲ್ಲ ಕಣಮ್ಮ. ನಿನ್ನ ಹಾಗೆ ದಿನಾ ಹೆಣ್ಮಕ್ಕಳು ಫೋನ್ ಮಾಡಿ ಅಳ್ತಾರೆ, ನಾನೇನು ಮಾಡ್ಲಿ?" ಎಂದರು. ಆಮೇಲೆ ಬೋರ್ಡಿಗೆಂದು ನೀವು ಇವರಿಗೆ ಬರೆದುಕೊಟ್ಟಿದ್ದ ಚೀಟಿ ಹುಡುಕಿ ನೋಡಿದೆ. ಚೀಟಿ ಸರಿಯಾಗಿಯೇ ಇದೆ. ಬೋರ್ಡು ಬರೆಯುವಾಗ ಇವರ ಕೈ ನಡುಗಿ, ಕೊನೆಯ ಸೊನ್ನೆ ಆರಾಗಿದೆ. ಒಂದು ಕಾಲಕ್ಕೆ ಸ್ಕೇಲು ಹಿಡಿಯದೆ ನೇರ ಗೆರೆ ಎಳೆಯುತ್ತಿದ್ದ ಕೈ ಅದು.

ಸರಿಯಾದ ನಂಬರಿಗೆ ಮಾಡಿದರೆ ನಿಮ್ಮ ಆಫೀಸಿನವರು, "ಕುಡಿಯೋರೇ ಒಪ್ಪಿ ಬರ್ಬೇಕಮ್ಮ" ಎಂದರು. ಇವರಿಗೆ ಹೇಳಿದರೆ, "ನಾನೇ ಬರೆದ ಬೋರ್ಡಿನ ಕೆಳಗೆ ತಲೆ ತಗ್ಗಿಸಿ ಹೋಗ್ಲಾ?" ಎನ್ನುತ್ತಾರೆ.

ಒಂದು ಉಪಕಾರ ಮಾಡಿ. ಬೋರ್ಡು ತಿದ್ದಬೇಕು ಎಂದು ಇವರಿಗೆ ಹೇಳಿಕಳಿಸಿ. ಕೆಲಸ ಕೆಟ್ಟಿದೆ ಎಂದರೆ ಜ್ವರವಿದ್ದರೂ ಬರುತ್ತಾರೆ. ಬೆಳಗ್ಗೆ ಎಂಟಕ್ಕೇ ಕರೆಯಿರಿ, ಆಮೇಲೆ ಕುಡಿದಿರುತ್ತಾರೆ. ಕುಡಿಯದೆ ಬಂದರೆ ಬ್ರಷ್ಷು ಕೈಯಲ್ಲಿ ನಿಲ್ಲುವುದಿಲ್ಲ. ಆಗ ನೀವೇ ಏಣಿಯ ಹತ್ತಿರ ಬನ್ನಿ. ಬುದ್ಧಿ ಹೇಳಬೇಡಿ, ಅದನ್ನು ಎಲ್ಲರೂ ಹೇಳಿ ಮುಗಿಸಿದ್ದಾರೆ. "ಇಳೀರಿ, ಸ್ವಲ್ಪ ಕೂತ್ಕೊಳ್ಳಿ" ಎನ್ನಿ.

ಅಲ್ಲಿಯವರೆಗೆ ಬೇರೆಯವರಿಂದ ಅದನ್ನು ತಿದ್ದಿಸಬೇಡಿ. ಉಳಿದ ಹೆಂಗಸರು ಆ ಅಜ್ಜಿಯ ಹತ್ತಿರವೇ ಅಳುತ್ತಿದ್ದಾರೆ ಎಂದು ಗೊತ್ತು. ಆದರೂ ಇವರನ್ನು ನಿಮ್ಮ ಗೇಟಿನವರೆಗೆ ತರಲು ನನ್ನ ಹತ್ತಿರ ಇರುವುದು ಆ ಒಂದು ತಪ್ಪು ಅಂಕಿ ಮಾತ್ರ.

ನಿಮ್ಮ ಬೋರ್ಡು ಬರೆದವರ ಹೆಂಡತಿ